ಕೈ ಮುಟ್ಟಬಹುದಾದವನು
ಹುಮನಾಬಾದಿನ ಶಾಲಾ ಫುಟ್‌ಬಾಲ್ ತಂಡಕ್ಕೆ ನಾನು ಗೋಲ್‌ಕೀಪರ್ ಆಗಿದ್ದೆ. ಕೊನೆಗಳಿಗೆಯಲ್ಲಿ ಗೋಲು ಬಿಟ್ಟ ಸಂಜೆ ಮಾಣಿಕನಗರಕ್ಕೆ ಹೋಗಿ, ಸಂತ ಮಾಣಿಕಪ್ರಭುಗಳ ಸಮಾಧಿಯೆದುರು ಅತ್ತೆ: ಆಡಿದವರು ಹನ್ನೊಂದು ಮಂದಿ, ಪಾಪ ನನ್ನೊಬ್ಬನದೇ?

ಭಾರತದ ಗೋಲ್‌ಕೀಪರ್, ಬೆಂಗಳೂರಿನ ಕೆ.ವಿ. ವರದರಾಜರ ವಿಷಯ ಓದಿದ್ದು ಆಮೇಲೆ. 1948ರ ಲಂಡನ್ ಒಲಿಂಪಿಕ್ಸ್, ಎದುರಿಗೆ ಫ್ರಾನ್ಸ್; ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕಳೆದುಕೊಂಡೆವು. 89ನೇ ನಿಮಿಷದಲ್ಲಿ ಫ್ರಾನ್ಸ್ ಗೆಲುವಿನ ಗೋಲು ಹೊಡೆಯಿತು, 2-1. ಪೆನಾಲ್ಟಿ ತಪ್ಪಿದ ಕಾಲು ವರದರಾಜರದಲ್ಲ. ಆದರೂ ಸೋಲು ಬಂದು ಬಿದ್ದದ್ದು ಅವರು ಕಾಯುತ್ತಿದ್ದ ಬಲೆಗೆ.

1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಸಾರಿದ್ದು ಸಕಲಮತ: ಯಾವ ಮತವೂ ಸುಳ್ಳಲ್ಲ. ಮೈದಾನದಲ್ಲೂ ದಾರಿ ಒಂದೇ ಅಲ್ಲ: ಹತ್ತು ಮಂದಿಗೆ ನಿಷಿದ್ಧವಾದ ಕೈ ಹನ್ನೊಂದನೆಯವನಿಗೆ ಧರ್ಮ. ಹಾಗಾದರೆ ಕರ್ಮದ ಲೆಕ್ಕವೂ ಒಬ್ಬೊಬ್ಬರಿಗೆ ಬೇರೆಯೋ? ಈಗ ನಾನು ಕಲಿಸುವ ಹುಡುಗ ಗೋಲು ಬಿಟ್ಟು ಅತ್ತರೆ, ನೀರು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ.