ಅಕ್ಷರವೂ ಸ್ವರವೂ

ಪಾಠಶಾಲೆಯಲ್ಲಿ ಗುರುಗಳು ಹೇಳುತ್ತಿದ್ದ ಕಥೆಯಿದು. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ತ್ವಷ್ಟೃವು ಹೋಮಮಾಡಿದನು. ‘ಇಂದ್ರಶತ್ರು’ ಎಂಬ ಪದದ ಸ್ವರವು ತಪ್ಪಿದುದರಿಂದ ಇಂದ್ರನೇ ಆ ಮಗನನ್ನು ಕೊಂದನು. ಅಕ್ಷರವೊಂದೂ ಬದಲಾಗಿರಲಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1961-62ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬವರು ಆಜ್ಞಾಪಾಲನೆಯನ್ನು ಪರೀಕ್ಷಿಸಿದರು. ತಪ್ಪು ಉತ್ತರ ಕೊಟ್ಟವನಿಗೆ ವಿದ್ಯುದಾಘಾತ ಕೊಡಬೇಕೆಂದು ಅಪ್ಪಣೆ. ನರಳುವವನು ನಟನೆಂಬುದು ಕೊಡುವವನಿಗೆ ತಿಳಿಯದು. ಪ್ರಸಿದ್ಧವಾದ ಒಂದು ಸರಣಿಯಲ್ಲಿ 40 ಮಂದಿಯ ಪೈಕಿ 26 ಮಂದಿ 450 ವೋಲ್ಟಿನ ತುದಿಯವರೆಗೂ ನಡೆದರು. ಆ ಸಂಭಾಷಣೆಗಳ ಧ್ವನಿಮುದ್ರಣಗಳು ಇಂದಿಗೂ ಉಳಿದಿವೆ. ಅವನ್ನು ಕೇಳಿ ಬರೆದ ಪಾಠಗಳೂ ಇವೆ.

ಈಗ ‘ಎಲಾನ್’ ಮೊದಲಾದ ತಂತ್ರಾಂಶಗಳು ಇಂತಹ ಧ್ವನಿಯನ್ನೂ ಬರಹವನ್ನೂ ಒಂದೇ ಕಾಲರೇಖೆಯಲ್ಲಿ ಜೋಡಿಸಿ, ನಡುವಣ ಮೌನವನ್ನು ಸೆಕೆಂಡಿನ ಸಹಸ್ರಾಂಶದವರೆಗೆ ಅಳೆಯಬಲ್ಲವು. ಇದು ಮಹದುಪಕಾರವೇ ಸರಿ. ಬರಹದಲ್ಲಿ ಒಪ್ಪಿಗೆಯಾಗಿ ಕಾಣುವ ಮಾತು ದನಿಯಲ್ಲಿ ಮೊರೆಯಾಗಿರಬಹುದು. ಕಾಗಾಲದ ಮಕ್ಕಳು ‘ತಿಳಿಯಿತು’ ಎಂದಾಗ, ತಿಳಿಯಲಿಲ್ಲವೆಂಬುದನ್ನು ನಾನು ಅರಿತದ್ದೂ ದನಿಯಿಂದಲೇ.

ಆದರೆ ಆ ಮೌನವು ಭಯವೋ, ಪಶ್ಚಾತ್ತಾಪವೋ, ಬರಿಯ ದಣಿವೋ? ಅಳತೆಯು ಅದನ್ನು ಹೇಳದು. ಒಬ್ಬನನ್ನು ಕ್ರೂರಿಯೆಂದು ಕರೆಯುವ ಮುನ್ನ ಅವನ ದನಿಯನ್ನು ಕಿವಿಯಾರೆ ಕೇಳುವುದು ಧರ್ಮ. ಯಂತ್ರವು ದೀಪ ಹಿಡಿಯಲಿ. ನ್ಯಾಯ ಹೇಳುವ ಹೊಣೆಯು ನಮ್ಮದೇ.