ಸೇತುಸ್ನಾನ ಮತ್ತು ದಂಪತಿ

ಗಂಡ ಹೆಂಡತಿ ಜೋಡಿಯಾಗಿ ಕಡಲತೀರದ ಕ್ಷೇತ್ರಕ್ಕೆ ಹೋಗಿ ನಾಲ್ಕು ದಿನ ತಂಗಿ, ಅಲ್ಲಿಂದ ಆಸುಪಾಸಿನ ಹಳೆಯ ಪಟ್ಟಣಗಳನ್ನೂ ನೋಡಿಬಂದರೆ ಅದು ಯಾತ್ರೆಯೋ ವಿಹಾರವೋ ಎಂಬ ಪ್ರಶ್ನೆ ಧರ್ಮಶಾಸ್ತ್ರಕ್ಕೆ ಹೊಸದಲ್ಲ. ಕಡಲಿಲ್ಲದ ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ರಾಮೇಶ್ವರವೇ ಒಳ್ಳೆಯ ನಿದರ್ಶನ. ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಹೊರಡುವ ಟೂರು ಬಸ್ಸುಗಳು ರಾಮೇಶ್ವರದ ಜೊತೆಗೆ ಮಧುರೆ, ಶ್ರೀರಂಗ, ತಂಜಾವೂರುಗಳನ್ನೂ ಸೇರಿಸಿಕೊಂಡಿರುತ್ತವೆ. ಮಕ್ಕಳಾಗಲೆಂದು ಹರಕೆ ಹೊತ್ತವರೂ, ಒಮ್ಮೆ ಸಮುದ್ರ ನೋಡಬೇಕೆಂದು ಹೊರಟವರೂ ಅಕ್ಕಪಕ್ಕದ ಸೀಟಿನಲ್ಲೇ ಕೂತಿರುತ್ತಾರೆ.

ಆ ಕಡಲಿಗೂ ಈ ಸೀಮೆಗೂ ಜನರ ನೆನಪಿನಲ್ಲಿ ಒಂದು ನಂಟಿದೆ. ರಾಮೇಶ್ವರದ ಮೂಲಲಿಂಗ ಸೀತೆ ಮರಳಿನಲ್ಲಿ ಮಾಡಿದ್ದು ಎಂಬುದು ಕ್ಷೇತ್ರದ ಐತಿಹ್ಯ. ಲಿಂಗ ತರಲು ಹೋದ ಹನುಮಂತ ತಡಮಾಡಿದಾಗ, ಮುಹೂರ್ತ ಮೀರದಂತೆ ಅದನ್ನೇ ರಾಮ ಪ್ರತಿಷ್ಠೆ ಮಾಡಿದ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಹೇಳುವ ಕತೆಯಲ್ಲೂ ಸೀತೆಯಿದ್ದಾಳೆ. ಕಾವೇರಿಯಲ್ಲಿ ಮೀಯುವಾಗ ಆಕೆಯ ಮುತ್ತಿನ ಒಡವೆ ನೀರಿಗೆ ಬಿತ್ತು, ಹನುಮಂತ ಬಾಲದಿಂದ ಮಡು ಕಲಕಿ ತೆಗೆದುಕೊಟ್ಟ. ಎರಡು ಕಡೆಯೂ ಪೂಜೆಗೊಳ್ಳುವ ಸ್ಥಳಕ್ಕೆ ಕಾರಣ, ದಾರಿಯಲ್ಲಿದ್ದ ಒಂದು ಜೋಡಿ.

ಯಾತ್ರೆಯ ಫಲವನ್ನು ಶಾಸ್ತ್ರಕಾರರು ಪಾಲು ಹಾಕಿ ಲೆಕ್ಕ ಹಿಡಿದಿದ್ದಾರೆ. ಸಂಕಲ್ಪ ಮಾಡಿ ಅದಕ್ಕೆಂದೇ ಹೋದವರಿಗೆ ಪೂರ್ಣಫಲ. ಬೇರೆ ಕೆಲಸಕ್ಕೆ ಹೋಗಿ, ಹೇಗೂ ಬಂದಾಯಿತಲ್ಲ ಎಂದು ಮಿಂದವರಿಗೆ ಅರ್ಧ. ಇನ್ನೊಬ್ಬರ ಪರವಾಗಿ ಹೋದವರಿಗೆ ಹದಿನಾರರಲ್ಲಿ ಒಂದು ಪಾಲು. ಊರು ನೋಡುವ ಆಸೆಯಿಂದ ಹೊರಟವರನ್ನು ಈ ಲೆಕ್ಕ ಹೊರಗೆ ಹಾಕುವುದಿಲ್ಲ, ಅರ್ಧವನ್ನಾದರೂ ಕೊಡುತ್ತದೆ. ಮಹಾಭಾರತದ ವನಪರ್ವವೂ ಫಲವನ್ನು ಸ್ಥಳಕ್ಕೆ ಕಟ್ಟದೆ, ಕೈ, ಕಾಲು, ಮನಸ್ಸು ಹತೋಟಿಯಲ್ಲಿರುವವನಿಗೆ ಸಲ್ಲುತ್ತದೆ ಎನ್ನುತ್ತದೆ. ಯಜ್ಞ ಮಾಡಿಸುವ ಶಕ್ತಿಯಿಲ್ಲದ ಬಡವರಿಗೂ ತೀರ್ಥ ತೆರೆದಿದೆ ಎಂಬ ಮಾತು ಬರುವುದು ಅಲ್ಲಿಯೇ. ಸಮುದ್ರದ ವಿಚಾರದಲ್ಲಿ ಮಾತ್ರ ಒಂದು ಕಟ್ಟುಪಾಡಿದೆ: ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಕಡಲನ್ನು ಮುಟ್ಟಬಾರದು. ರಾಮಸೇತುವಿನ ಕಡಲಾದ ರಾಮೇಶ್ವರದಲ್ಲಿ ಮೀಯುವ ಸೇತುಸ್ನಾನಕ್ಕೆ ಆ ದಿನದ ಹಂಗಿಲ್ಲ.

ದಂಪತಿ ಜೊತೆಯಲ್ಲೇ ಏಕೆ ಹೋಗಬೇಕು ಎಂಬುದಕ್ಕೆ ಪದ್ಮಪುರಾಣದ ಭೂಮಿಖಂಡದಲ್ಲಿರುವ ಕೃಕಲನ ಕತೆಯಷ್ಟು ನೇರವಾದ ಉತ್ತರ ಇನ್ನೊಂದಿಲ್ಲ. ಕೃಕಲ ಕಾಶಿಯ ವರ್ತಕ, ಅವನ ಹೆಂಡತಿ ಸುಕಲಾ. ತೀರ್ಥಯಾತ್ರೆಗೆ ತಾನೂ ಬರುತ್ತೇನೆಂದು ಆಕೆ ಕೇಳಿಕೊಳ್ಳುತ್ತಾಳೆ. ದಾರಿಯ ಕಷ್ಟಕ್ಕೆ ಹೆಂಡತಿಯ ಮೈ ಬಾಡೀತೆಂದು ಹೆದರಿ, ಅವನು ಹೇಳದೆ ಕೇಳದೆ ಒಬ್ಬನೇ ಹೊರಟುಬಿಡುತ್ತಾನೆ. ಎಲ್ಲ ತೀರ್ಥಗಳಲ್ಲಿ ಮಿಂದು, ಪಿತೃಗಳಿಗೆ ಶ್ರಾದ್ಧ ಮಾಡಿ, ತೃಪ್ತಿಯಿಂದ ಹಿಂದಿರುಗುವಾಗ ಧರ್ಮನೇ ಎದುರು ನಿಲ್ಲುತ್ತಾನೆ. ಕೃಕಲನ ಹಿರಿಯರು ಅವನ ಕಣ್ಣೆದುರೇ ಕಟ್ಟುಬಿದ್ದಿರುತ್ತಾರೆ. ಹೆಂಡತಿಯನ್ನು ಬಿಟ್ಟು ಮಾಡಿದ ಯಾತ್ರೆಯೂ ಶ್ರಾದ್ಧವೂ ವ್ಯರ್ಥ, ಮನೆಗೆ ಹೋಗಿ ಆಕೆಯೊಡನೆ ಮಾಡು ಎಂಬುದು ಅಲ್ಲಿ ಸಿಗುವ ತೀರ್ಪು. ಕೃಕಲ ಕೆಟ್ಟವನಲ್ಲ, ಹೆಂಡತಿಯನ್ನು ಪ್ರೀತಿಸುವವನು. ಹಾಗಿದ್ದೂ ಆಕೆಯ ಪರವಾಗಿ ತಾನೇ ತೀರ್ಮಾನ ಮಾಡಿದ್ದು ತಪ್ಪಾಯಿತು. ಕತೆ ಸುಕಲೆಯ ಪಾತಿವ್ರತ್ಯವನ್ನು ಕೊಂಡಾಡುವುದು ನಿಜ. ಆದರೆ ಅದರ ನ್ಯಾಯ ಗಂಡನ ಮೇಲೆ ಬೀಳುತ್ತದೆ, ಬೀಳಬೇಕಾದದ್ದೂ ಅಲ್ಲಿಯೇ.

ರಾಮೇಶ್ವರದ ವಿಧಿ ಈ ಜೊತೆಗಾರಿಕೆಯನ್ನು ಮೈಗೆ ತಾಗುವಂತೆ ಮಾಡುತ್ತದೆ. ಗುಡಿಯ ಪೂರ್ವದ ಕಡಲೇ ಅಗ್ನಿತೀರ್ಥ. ಅಲ್ಲಿ ಸಂಕಲ್ಪ ಹೇಳಿಸಿಕೊಂಡು ಮುಳುಗಿದ ದಂಪತಿ ಒದ್ದೆ ಬಟ್ಟೆಯಲ್ಲೇ ಗುಡಿಯೊಳಗಿನ 22 ತೀರ್ಥಗಳಿಗೆ ಸಾಲಿನಲ್ಲಿ ನಡೆಯುತ್ತಾರೆ. ಬಾವಿಕಟ್ಟೆಯ ಮೇಲೆ ನಿಂತವನು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಸೇದಿ ತಲೆಯ ಮೇಲೆ ಸುರಿಯುತ್ತಾನೆ. ಉಪ್ಪುನೀರಿನಲ್ಲಿ ಮಿಂದುಬಂದ ನಾಲಿಗೆಗೆ ಈ ಬಾವಿಗಳ ನೀರು ಸಿಹಿ. ಕಲ್ಲುಹಾಸು ಜಾರುವುದರಿಂದ ವಯಸ್ಸಾದವರು ಒಬ್ಬರ ಕೈ ಒಬ್ಬರು ಹಿಡಿದೇ ನಡೆಯಬೇಕು. ಬಟ್ಟೆ ಬದಲಿಸಿದ ಮೇಲಷ್ಟೇ ದರ್ಶನ. ಕಾಶಿ ರಾಮೇಶ್ವರದ ಪೂರ್ಣ ವ್ರತ ಹಿಡಿದವರು ಸೇತುವಿನ ಮರಳನ್ನು ಒಯ್ದು ಪ್ರಯಾಗದಲ್ಲಿ ಬಿಟ್ಟು, ಗಂಗೆಯನ್ನು ತಂದು ರಾಮೇಶ್ವರದ ಲಿಂಗವಾದ ರಾಮನಾಥನಿಗೆ ಅಭಿಷೇಕ ಮಾಡಿಸುತ್ತಾರೆ. 

ನಡುವೆ ನೋಡುವ ಪಟ್ಟಣಗಳು ಬರೀ ಕಣ್ಣಿನ ಹಬ್ಬ ಎನ್ನುವುದು ಅವಸರದ ಮಾತು. ಮಧುರೆಯಲ್ಲಿ ಪ್ರತಿ ರಾತ್ರಿ ಸುಂದರೇಶ್ವರನ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಶಯನಗೃಹಕ್ಕೆ ಒಯ್ಯುತ್ತಾರೆ. ದಾಂಪತ್ಯ ಅಲ್ಲಿ ನಿತ್ಯಪೂಜೆಯ ಭಾಗ. ಶ್ರೀರಂಗ ಮಂಡ್ಯದವರಿಗೆ ಪರವೂರೇ ಅಲ್ಲ. ಶ್ರೀರಂಗಪಟ್ಟಣ ಆದಿರಂಗ, ಮಳವಳ್ಳಿಗೆ ಹತ್ತಿರದ ಶಿವನಸಮುದ್ರ ಮಧ್ಯರಂಗ, ಶ್ರೀರಂಗ ಅಂತ್ಯರಂಗ. ಮೇಲುಕೋಟೆಯಲ್ಲಿ ನೆಲೆಸಿದ ರಾಮಾನುಜರು ಬಂದದ್ದು ಅಲ್ಲಿಂದ. ನೀರಿನ ಹಂಚಿಕೆಗಾಗಿ ಹೆದ್ದಾರಿಯಲ್ಲಿ ಕೂತು ಹೋರಾಡಿದ ಜಿಲ್ಲೆಯ ರೈತ, ಅದೇ ಕಾವೇರಿಗೆ ಅಲ್ಲಿ ಅರಿಸಿನ ಕುಂಕುಮ ಬಿಡುವುದನ್ನು ನೋಡುವುದು ಸಣ್ಣ ಅನುಭವವಲ್ಲ.

ಈ ಲೆಕ್ಕಾಚಾರವನ್ನೇ ಒಪ್ಪದ ಪರಂಪರೆಯೂ ಇದೇ ನೆಲದಲ್ಲಿ ಬೇರುಬಿಟ್ಟಿದೆ. ಹೊಳೆ ಕಂಡಲ್ಲಿ ಮುಳುಗುವುದನ್ನು 12ನೇ ಶತಮಾನದ ಶರಣರು ಪ್ರಶ್ನಿಸಿದರು. ಬಿದ್ದ ಅಕ್ಕಿ ಆಯುವ ಕಾಯಕದ ಶರಣ ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಆ ಜೋಡಿಯ ಸಾಧನೆ ಕಾಯಕದಲ್ಲೇ ನಡೆಯಿತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಜನಪದ ಸಂತ ಮಂಟೇಸ್ವಾಮಿಯ ನೆಲೆ. ಆತನ ಪರಂಪರೆಯ ಗಾಯಕರಾದ ನೀಲಗಾರರು ಹಾಡುವ ಕಾವ್ಯದಲ್ಲಿ ಆತ ಹೊಲಸು ವೇಷದಲ್ಲಿ ಶರಣರ ಕಲ್ಯಾಣ ಪಟ್ಟಣಕ್ಕೆ ಹೋಗಿ, ಮಡಿಯ ಹೆಮ್ಮೆಯುಳ್ಳ ಶರಣರನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ಈ ಆಕ್ಷೇಪಣೆಗೆ ತೂಕವಿದೆ: ನಡತೆ ಬದಲಾಗದಿದ್ದರೆ ಮುಳುಗಿದ್ದರಿಂದ ಏನೂ ಆಗುವುದಿಲ್ಲ. ಹೆಂಡತಿ ಛತ್ರದಲ್ಲಿ ಅಡುಗೆ, ಬಟ್ಟೆ, ಮಕ್ಕಳು ಎಂದು ಉಳಿದು, ಗಂಡ ಮಾತ್ರ ಊರೂರು ನೋಡಿದರೆ, ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರೂ ಅದು ಕೃಕಲನ ಯಾತ್ರೆಯೇ.

ಜೊತೆಗೆ ಬರಲಾಗದವರಿಗೂ ಶಾಸ್ತ್ರ ಒಂದು ದಾರಿ ಇಟ್ಟಿದೆ. ದರ್ಭೆಯಲ್ಲಿ ಆ ವ್ಯಕ್ತಿಯ ಪ್ರತಿಕೃತಿ ಮಾಡಿ, ಹೆಸರು ಹೇಳಿ ತೀರ್ಥದಲ್ಲಿ ಮುಳುಗಿಸಿದರೆ ಊರಲ್ಲಿರುವವರಿಗೆ ಎಂಟನೇ ಒಂದು ಪಾಲು ಸಲ್ಲುತ್ತದೆ. ಹಾಸಿಗೆ ಹಿಡಿದ ಗಂಡನಿಗಾಗಿ ಹೆಂಡತಿಯೂ, ಬರಲಾರದ ಹೆಂಡತಿಗಾಗಿ ಗಂಡನೂ ಇದನ್ನು ಮಾಡಬಹುದು. ಸಂಗಾತಿಯನ್ನು ಕಳೆದುಕೊಂಡವರಿಗೆ ತೀರ್ಥ ಮುಚ್ಚಿಲ್ಲ. ಎಲ್ಲ ವರ್ಣ, ಆಶ್ರಮದವರಿಗೂ, ವಿಧವೆಯರಿಗೂ ಸ್ನಾನಕ್ಕೆ ಅಧಿಕಾರವಿದೆ.