ಇಬ್ರಾಹೀಮ್: ಹೆಸರು ಅಪಶಕುನವಲ್ಲ



ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಯ ಮನೆಗಳಿಗೆ ಇಬ್ರಾಹೀಮ್ ಎಂಬ ಹೆಸರು ಹೊಸದಲ್ಲ. ಲಕ್ಷ್ಮೇಶ್ವರದ ಜುಮ್ಮಾ ಮಸೀದಿ 1617ರಲ್ಲಿ ನಿರ್ಮಾಣವಾದಾಗ ಬಿಜಾಪುರವನ್ನು ಆಳುತ್ತಿದ್ದವರು ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್.

ಆದರೆ ಆ ಹೆಸರಿಟ್ಟ ಕೂಸು ತೀರಿಕೊಂಡರೆ, 'ಈ ಹೆಸರು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ' ಎನ್ನುವವರಿದ್ದಾರೆ. ಪ್ರವಾದಿವರ್ಯರು(ಸ) ತಮ್ಮ ಮಗನಿಗೆ ಪಿತಾಮಹ ಇಬ್ರಾಹೀಮರ(ಅ) ಹೆಸರನ್ನೇ ಇಟ್ಟರು. ಎರಡು ವರ್ಷ ತುಂಬುವ ಮೊದಲೇ ಆ ಮಗು ತೀರಿಕೊಂಡಿತು. ಅವರು ಅತ್ತರು, ಆದರೆ ಅಲ್ಲಾಹನಿಗೆ ಮೆಚ್ಚಿಕೆಯಾಗದ ಮಾತನ್ನಾಡಲಿಲ್ಲ. ಅಂದೇ ಸೂರ್ಯಗ್ರಹಣವಾಯಿತು. ಜನರು ಅದನ್ನು ಮಗುವಿನ ಸಾವಿಗೆ ಜೋಡಿಸಿದಾಗ, ಯಾರ ಹುಟ್ಟುಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದರು.

ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ಹೆಸರಿನಲ್ಲಿಲ್ಲ. ಮಗುವನ್ನು ಕಳಕೊಂಡ ತಾಯಿಯ ಮುಂದೆ ಹೆಸರನ್ನು ಹಳಿಯಬೇಡಿರಿ. ಆಕೆಗೆ ಸಹನೆ ಸಿಗಲೆಂದು ಪ್ರಾರ್ಥಿಸಿರಿ.